ನಕ್ಷೆಯಲ್ಲಿ ಇಲ್ಲದವರ ನಷ್ಟ ಯಾರ ಲೆಕ್ಕಕ್ಕೆ?

2022ರ ಜೂನ್‌ನಲ್ಲಿ ಉಳ್ಳಾಲದ ಆಚೆ, ಉಚ್ಚಿಲದ ಕಡಲಲ್ಲಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು ಮುಳುಗಿದ್ದು ನಿಮಗೆ ನೆನಪಿರಬಹುದು. ಸಿರಿಯಾದ 15 ನಾವಿಕರನ್ನು ಕರಾವಳಿ ರಕ್ಷಣಾ ಪಡೆ ಉಳಿಸಿತು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಒಳಗಿರುವ ಎಣ್ಣೆ ಹೊರಗೆ ಬಂದರೆ ಏನು ಗತಿ? ನಾನಾಗ ಒಂಬತ್ತನೇ ತರಗತಿ. ಎಣ್ಣೆ ಬಂದರೆ ಬಕೆಟ್‌ನಲ್ಲಿ ತೆಗೆದರಾಯಿತು ಎಂದುಕೊಂಡಿದ್ದೆ. 2017ರಲ್ಲಿ ಚೆನ್ನೈ ಬಳಿಯ ಎನ್ನೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಜನರು ನಿಜವಾಗಿಯೂ ಬಕೆಟ್‌ನಲ್ಲೇ ಎಣ್ಣೆ ತೆಗೆದರು ಎಂದು ಆಮೇಲೆ ಓದಿದೆ.

ಸಮುದ್ರಕ್ಕೆ ಎಣ್ಣೆ ಬಿದ್ದರೆ ಇಡೀ ಕರಾವಳಿಯನ್ನು ಕಾಯಲು ಆಗುವುದಿಲ್ಲ. ಬೂಮ್ ಎನ್ನುವ ತೇಲುವ ತಡೆ ಇರುವುದು ಸ್ವಲ್ಪವೇ, ಸಮಯವೂ ಸ್ವಲ್ಪವೇ. ಮೊದಲು ಯಾವ ಜಾಗ ಉಳಿಸಬೇಕು ಎಂದು ಮೊದಲೇ ತೀರ್ಮಾನಿಸಿ ಇಡುವುದಕ್ಕೆ ಇರುವುದೇ ಪರಿಸರ ಸೂಕ್ಷ್ಮತೆಯ ನಕ್ಷೆ. ಇಂಥ ನಕ್ಷೆಗಳು ಅಮೆರಿಕದಲ್ಲಿ 1979ರಲ್ಲಿ ಶುರುವಾದವು. ಅದರಲ್ಲಿ ತೀರಕ್ಕೆ 1ರಿಂದ 10ರವರೆಗೆ ಅಂಕ. ಅಲೆ ಹೊಡೆಯುವ ಬಂಡೆಗೆ 1, ಏಕೆಂದರೆ ಅಲೆಯೇ ಎಣ್ಣೆಯನ್ನು ತೊಳೆಯುತ್ತದೆ. ಕಾಂಡ್ಲಾ ಕಾಡಿಗೆ 10, ಏಕೆಂದರೆ ಕೆಸರಿನ ಬೇರಿಗೆ ಅಂಟಿದ ಎಣ್ಣೆ ವರ್ಷಗಟ್ಟಲೆ ಹೋಗುವುದಿಲ್ಲ. ಇದರ ಜೊತೆಗೆ ಜೀವಿಗಳನ್ನೂ ಜನರ ಬಳಕೆಯನ್ನೂ ಗುರುತಿಸಬೇಕು.

ನನ್ನ ತಕರಾರು ಈ ಮೂರನೆಯದರ ಬಗ್ಗೆ. ಬಂಡೆಗೆ ಅಂಕ 1 ಇರಬಹುದು. ಆದರೆ ಅದೇ ಬಂಡೆಯಿಂದ ಪಚ್ಚಿಲೆ ಕೀಳುವವರಿಗೆ ಅದು ಅನ್ನದ ಬಟ್ಟಲು. ಅಘನಾಶಿನಿಯ ಅಳಿವೆಯಲ್ಲಿ ಬಳಚು ಆರಿಸುವ ಹೆಂಗಸರಿಗೆ ದೋಣಿಯಿಲ್ಲ, ಲೈಸೆನ್ಸ್ ಇಲ್ಲ, ಬಿಲ್ ಇಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ನಾಡದೋಣಿಯವರು ಕಡಲಿಗೆ ಇಳಿಯುತ್ತಾರೆ. ಇವು ಉಪಗ್ರಹದ ಚಿತ್ರದಲ್ಲಿ ಕಾಣುವುದಿಲ್ಲ. ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ನಾವು ಕಾಮರ್ಸ್‌ನವರು. ವೋಚರ್ ಇಲ್ಲದೆ ನಮೂದು ಇಲ್ಲ ಎಂದು ಕಲಿತವರು. 2025ರ ಮೇ 25ರಂದು ಕೊಚ್ಚಿ ಬಳಿ ‘ಎಂಎಸ್‌ಸಿ ಎಲ್ಸಾ 3’ ಹಡಗು 640 ಕಂಟೇನರ್‌ಗಳೊಂದಿಗೆ ಮುಳುಗಿತು. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ಇಂಥ ದಾವೆಯಲ್ಲಿ ನಷ್ಟವನ್ನು ತೋರಿಸಬೇಕು. ನಿನ್ನೆ ಎಷ್ಟು ಸಿಗುತ್ತಿತ್ತು ಎಂದು ಬರೆದಿಟ್ಟಿಲ್ಲದಿದ್ದರೆ ಇಂದು ಎಷ್ಟು ಹೋಯಿತು ಎಂದು ಹೇಳುವುದು ಹೇಗೆ? ಆ ಹೆಂಗಸರು ನಕ್ಷೆಯಲ್ಲಿ ಇಲ್ಲದಿದ್ದರೆ ಅವರಿಗೆ ಮೊದಲು ತಡೆಯೂ ಸಿಗುವುದಿಲ್ಲ, ಕೊನೆಗೆ ಪರಿಹಾರವೂ ಸಿಗುವುದಿಲ್ಲ.

ಇದು ಸರ್ಕಾರದ ಕೆಲಸ, ವಿಜ್ಞಾನ ವಿಭಾಗದವರ ಕೆಲಸ ಎಂದು ಗೆಳೆಯರು ಹೇಳಿದರು. ತೀರಕ್ಕೆ ಅಂಕ ಕೊಡುವುದು ತಜ್ಞರ ಕೆಲಸ, ಒಪ್ಪುತ್ತೇನೆ. ಆದರೆ ಯಾರು, ಯಾವ ತಿಂಗಳು, ಎಲ್ಲಿ, ಎಷ್ಟು ಸಂಪಾದಿಸುತ್ತಾರೆ ಎಂದು ಕೇಳಿ ಬರೆಯುವುದು ನಮಗೂ ಬರುತ್ತದೆ. ಭಾಷೆಯ ವಿಷಯದಲ್ಲಂತೂ ನಾವೇ ಮುಂದೆ. ನನ್ನ ಮನೆಯಲ್ಲಿ ಉರ್ದು, ಪಕ್ಕದ ಬೆಂಚಿನಲ್ಲಿ ಬ್ಯಾರಿ, ಹಿಂದಿನ ಬೆಂಚಿನಲ್ಲಿ ತುಳು. ಇಂಗ್ಲಿಷಿನಲ್ಲಿ ಮಾತ್ರ ಇರುವ ನಕ್ಷೆ ದಕ್ಕೆಯಲ್ಲಿ ಯಾರಿಗೆ ಉಪಯೋಗ?

ಹಾಗಾಗಿ ಪ್ರಾಂಶುಪಾಲರಲ್ಲಿ ಮತ್ತು ಎನ್‌ಎಸ್‌ಎಸ್ ಅಧಿಕಾರಿಗಳಲ್ಲಿ ನನ್ನ ವಿನಂತಿ: ಈ ಸಲದ ಶಿಬಿರದಲ್ಲಿ ಒಂದು ದಿನವನ್ನು ಇದಕ್ಕೆ ಕೊಡಿ. ಹತ್ತಿರದ ಒಂದೇ ಒಂದು ಅಳಿವೆ ಸಾಕು. ಬರೆದದ್ದನ್ನು ಕನ್ನಡದಲ್ಲಿ ಪಂಚಾಯಿತಿಗೂ ಮೀನುಗಾರಿಕೆ ಇಲಾಖೆಗೂ ಕೊಡೋಣ. ನವಮಂಗಳೂರು ಬಂದರಿಗೆ ಕಚ್ಚಾ ತೈಲದ ಹಡಗುಗಳು ಬರುತ್ತಲೇ ಇವೆ. ಏನೂ ಆಗದಿರಲಿ ಎಂದು ದುವಾ ಮಾಡೋಣ, ಲೆಕ್ಕವನ್ನೂ ಬರೆದಿಡೋಣ.