ತೂಕವಿಲ್ಲದ ಹಗ್ಗದ ಪರವಾಗಿ

ಪಿಯುಸಿ ಭೌತವಿಜ್ಞಾನದ ಮಾತು ಬಂದಾಗಲೆಲ್ಲ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಪುಸ್ತಕದ ಹಗ್ಗಕ್ಕೆ ತೂಕವಿಲ್ಲ, ರಾಟೆಗೆ ಘರ್ಷಣೆಯಿಲ್ಲ, ಎಷ್ಟು ಜಗ್ಗಿದರೂ ಹಗ್ಗ ಹಿಗ್ಗುವುದಿಲ್ಲ; ಇಂಥ ಹಗ್ಗ ಯಾವ ಅಂಗಡಿಯಲ್ಲಿ ಸಿಗುತ್ತದೆ ಸ್ವಾಮಿ? ಲೋಕದಲ್ಲಿ ಇಲ್ಲದ್ದನ್ನು ಕಲಿಸಿ, ಆಮೇಲೆ ಮಕ್ಕಳಿಗೆ ವಿಜ್ಞಾನ ತಲೆಗೆ ಹತ್ತುವುದಿಲ್ಲ ಎಂದು ಗೊಣಗಿದರೆ ಹೇಗೆ? ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಹಗ್ಗವನ್ನು ಕೈಗೆ ಕೊಡಿ, ತಾನಾಗಿ ತಿಳಿಯುತ್ತದೆ. ಹೀಗೆ ಹೇಳುವವರಲ್ಲಿ ನಾನು ಗೌರವಿಸುವ ಮೇಷ್ಟರುಗಳೂ ಇದ್ದಾರೆ. ಅವರ ಕಳಕಳಿಯ ಬಗ್ಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಅವರು ಕಟಕಟೆಗೆ ತಂದು ನಿಲ್ಲಿಸಿರುವುದು ತಪ್ಪು ಆಸಾಮಿಯನ್ನು ಎಂದು ನನಗನ್ನಿಸುತ್ತದೆ.

ಮೊದಲು ಬಾವಿಯ ವಿಚಾರ. ಯಲಹಂಕದಿಂದ ಯಶವಂತಪುರದವರೆಗೆ ಅಲೆದರೂ ನೀರು ಸೇದುವ ಬಾವಿ ಸಿಗುವುದು ಕಷ್ಟ; ಅದು ಹಾಗಿರಲಿ, ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ನೀರು ಸೇದಿ ಅಭ್ಯಾಸವಿರುವ ಯಾರನ್ನೇ ಕೇಳಿ, ರಾಟೆಯಿದ್ದರೆ ಕೊಡ ಹಗುರ ಎನ್ನುತ್ತಾರೆ. ಹಗುರ ಅನ್ನಿಸುವುದು ನಿಜ. ಆದರೆ ಮೇಲೆ ಒಂದೇ ಕಡೆ ಕಟ್ಟಿದ ರಾಟೆ ಒಂದು ಗ್ರಾಂ ಭಾರವನ್ನೂ ಇಳಿಸುವುದಿಲ್ಲ. ಹದಿನೈದು ಕಿಲೊ ಕೊಡಕ್ಕೆ ಹದಿನೈದು ಕಿಲೊದಷ್ಟೇ ಎಳೆಯಬೇಕು, ಅಚ್ಚಿಗೆ ತುಕ್ಕು ಹಿಡಿದಿದ್ದರೆ ಇನ್ನೂ ತುಸು ಹೆಚ್ಚೇ. ರಾಟೆ ಬದಲಿಸುವುದು ದಿಕ್ಕನ್ನು ಮಾತ್ರ. ಮೇಲಕ್ಕೆತ್ತುವ ಬದಲು ಕೆಳಕ್ಕೆ ಜಗ್ಗುತ್ತೇವೆ, ನಮ್ಮ ಮೈಭಾರವೇ ನೆರವಿಗೆ ಬರುತ್ತದೆ, ಸೊಂಟಕ್ಕೆ ಆರಾಮ. ಅಂದರೆ ಬಾವಿಕಟ್ಟೆಗೆ ಹೋದ ಮಗು ತಪ್ಪು ಪಾಠವನ್ನೇ ಕಲಿತು ಬರಬಹುದು, ಅದೂ ಸ್ವಂತ ಅನುಭವದ ಮುದ್ರೆ ಬಿದ್ದ ಪಾಠ. ಅಂಥದ್ದನ್ನು ಅಳಿಸಲು ಯಾವ ಮೇಷ್ಟರಿಗೂ ಸಾಕುಸಾಕಾಗುತ್ತದೆ.

ಇದರಲ್ಲಿ ಅಪಾಯವೂ ಉಂಟು. ಆರ್‌.ಟಿ. ನಗರದ ಅಡ್ಡರಸ್ತೆಗಳಲ್ಲಿ ಹಳೇ ಮನೆಯ ಮೇಲೆ ಇನ್ನೊಂದು ಮಹಡಿ ಏರುವಾಗ, ತಾರಸಿಯಿಂದ ಹೊರಚಾಚಿದ ಪೈಪಿಗೆ ರಾಟೆ ಕಟ್ಟಿ 50 ಕಿಲೊ ಸಿಮೆಂಟ್ ಮೂಟೆಯನ್ನು ಕೆಳಗಿನಿಂದ ಜಗ್ಗಿ ಏರಿಸುತ್ತಾರೆ. ಪೈಪು ಹೊರುವ ಭಾರ ಎಷ್ಟು? ಐವತ್ತು ಎನ್ನುವವರೇ ಹೆಚ್ಚು. ಮೂಟೆ ಕಡೆಯ ಹಗ್ಗ ರಾಟೆಯನ್ನು ಐವತ್ತು ಕಿಲೊದಷ್ಟು ಕೆಳಕ್ಕೆಳೆಯುತ್ತದೆ. ಜಗ್ಗುವವನ ಕಡೆಯ ಹಗ್ಗವೂ ಅಷ್ಟೇ ಬಲದಿಂದ ಕೆಳಕ್ಕೇ ಎಳೆಯುತ್ತದೆ. ಪೈಪಿಗೆ ಬೀಳುವುದು ನೂರು ಕಿಲೊ. ಅದೇ ಮೂಟೆಯನ್ನು ಪೈಪಿಗೆ ಕಟ್ಟಿ ಸುಮ್ಮನೆ ನೇತುಬಿಟ್ಟಿದ್ದರೆ ಐವತ್ತೇ ಇರುತ್ತಿತ್ತು. ಈ ದುಪ್ಪಟ್ಟು ಕಣ್ಣಿಗೆ ಬೀಳುವುದಿಲ್ಲ, ಕೈಗೂ ತಾಗುವುದಿಲ್ಲ. ಹಗ್ಗದ ಉದ್ದಕ್ಕೂ ಎಳೆತ ಒಂದೇ ಎಂಬ ಆ ‘ಸುಳ್ಳು’ ಪುಸ್ತಕದ ಹಗ್ಗವನ್ನು ಮನಸ್ಸಿನಲ್ಲಿ ಇಟ್ಟುಕೊಂಡವನಿಗೆ ಮಾತ್ರ ಹೊಳೆಯುತ್ತದೆ.

ಎಳೆತ ಏಕೆ ಒಂದೇ? ಹಗ್ಗದ ನಡುವಿನ ಒಂದು ಗೇಣನ್ನು ಮನಸ್ಸಿನಲ್ಲೇ ಬೇರ್ಪಡಿಸಿ ನೋಡಿ. ಅದರ ಎರಡು ತುದಿಗಳ ಎಳೆತದಲ್ಲಿ ವ್ಯತ್ಯಾಸವಿದ್ದರೆ, ಆ ವ್ಯತ್ಯಾಸ ಆ ಗೇಣಿನ ತೂಕ ಹೊರಲು ಅಥವಾ ಅದರ ವೇಗ ಬದಲಿಸಲು ಖರ್ಚಾಗಿರಬೇಕು. ಗೇಣಿಗೆ ತೂಕವೇ ಇಲ್ಲ ಎಂದಮೇಲೆ ಖರ್ಚೂ ಇಲ್ಲ, ವ್ಯತ್ಯಾಸವೂ ಇಲ್ಲ. ‘ತೂಕವಿಲ್ಲ’ ಎಂಬುದರ ಅರ್ಥ ಇಷ್ಟೇ: ಹೊರೆಯ ಮುಂದೆ ಹಗ್ಗದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಘರ್ಷಣೆಯಿಲ್ಲದ ರಾಟೆಯೂ ಯಾರೋ ಕುರ್ಚಿಯಲ್ಲಿ ಕೂತು ಹೆಣೆದ ಕನಸಲ್ಲ. ಎರಡು ತೂಕಗಳನ್ನು ಒಂದು ರಾಟೆಯ ಎರಡೂ ಕಡೆ ಇಳಿಬಿಡುವ ಯಂತ್ರವನ್ನು ಕೇಂಬ್ರಿಜ್‌ನ ಜಾರ್ಜ್ ಆಟ್‌ವುಡ್ 1784ರ ತನ್ನ ಗ್ರಂಥದಲ್ಲಿ ವಿವರಿಸಿದ. ಅವನು ಘರ್ಷಣೆಯನ್ನು ‘ಇಲ್ಲವೆಂದು ಭಾವಿಸಿ’ ಎಂದು ಕೈತೊಳೆದುಕೊಳ್ಳಲಿಲ್ಲ. ರಾಟೆಯ ಅಚ್ಚನ್ನು ತಿರುಗುವ ಚಿಕ್ಕ ಗಾಲಿಗಳ ಮೇಲೆ ಕೂರಿಸಿ, ಘರ್ಷಣೆಯನ್ನು ಆದಷ್ಟು ಕಳೆದ. ಪುಸ್ತಕದ ಒಂದು ಪದದ ಹಿಂದೆ ಅಷ್ಟು ಕುಸುರಿ ಕೆಲಸವಿದೆ.

ಅಂಥ ರಾಟೆ ಇವತ್ತಿಗೂ ದುಡಿಯುವುದನ್ನು ನೋಡಬೇಕಾದರೆ ಯಶವಂತಪುರದಲ್ಲಿ ಯಲಹಂಕದ ರೈಲು ಹತ್ತಿ. (ಪಕ್ಕದ ಮೆಟ್ರೊ ಬೇಡ, ಅದಕ್ಕೆ ವಿದ್ಯುತ್ ಬರುವುದು ನೆಲಮಟ್ಟದ ಮೂರನೇ ಹಳಿಯಿಂದ.) ಲೊಟ್ಟೆಗೊಲ್ಲಹಳ್ಳಿ, ಕೊಡಿಗೇಹಳ್ಳಿ ದಾಟುವಾಗ ಹಳಿ ಪಕ್ಕದ ಕಂಬಗಳನ್ನು ಗಮನಿಸಿ. ಅಲ್ಲೊಂದು ಇಲ್ಲೊಂದು ಕಂಬದಲ್ಲಿ ರಾಟೆಗಳಿಂದ ಇಳಿದ ಉಕ್ಕಿನ ಹಗ್ಗಕ್ಕೆ ಒಂದರ ಮೇಲೊಂದು ಪೇರಿಸಿದ ತೂಕದ ಬಿಲ್ಲೆಗಳು ನೇತಾಡುತ್ತಿರುತ್ತವೆ. ರೈಲಿನ ತಲೆಮೇಲಿನ 25 ಸಾವಿರ ವೋಲ್ಟ್‌ನ ತಂತಿಯನ್ನು ಬಿಗಿಯಾಗಿ ಹಿಡಿದಿರುವುದು ಆ ತೂಕ. ಇಂಜಿನ್ನಿನ ಮೇಲ್ಗೈ ಉಜ್ಜಿಕೊಂಡು ಹೋಗುವ ತಂತಿ, ಅದನ್ನು ಹೊತ್ತಿರುವ ಮೇಲಿನ ತಂತಿ, ಎರಡಕ್ಕೂ ತಲಾ 1000 ಕಿಲೊ ಎಳೆತ ಬೇಕು, ಒಟ್ಟು 2000. ಆದರೆ ಮೂರು ರಾಟೆಗಳ ಮಾದರಿಯಲ್ಲಿ ನೇತುಹಾಕುವುದು ಸುಮಾರು 665 ಕಿಲೊ. ಮಿಕ್ಕಿದ್ದು ಎಲ್ಲಿಂದ ಬಂತು? ಇಲ್ಲಿನ ರಾಟೆಗಳೆಲ್ಲ ಬಾವಿಯ ರಾಟೆಯಂತೆ ಒಂದೇ ಕಡೆ ಕೂತಿಲ್ಲ; ತಂತಿಯ ತುದಿಯೊಂದಿಗೆ ಸರಿಯುವ ರಾಟೆಯೂ ಇದೆ. ಒಂದೇ ಹಗ್ಗ ಮೂರು ಎಳೆಯಾಗಿ ತಂತಿಯನ್ನು ಎಳೆಯುತ್ತದೆ, ಪ್ರತಿ ಎಳೆಯಲ್ಲೂ ಅದೇ 665. ಮೂರರಿಂದ ಗುಣಿಸಿದರೆ ಎರಡು ಸಾವಿರಕ್ಕೆ ಐದೇ ಕಿಲೊ ಕಡಿಮೆ.

ಇಷ್ಟೆಲ್ಲ ಏಕೆ, ತಂತಿಯನ್ನು ಕಂಬಕ್ಕೆ ಬಿಗಿದು ಕಟ್ಟಿಬಿಡಬಹುದಲ್ಲ? ಬಿಸಿಲಿಗೆ ತಾಮ್ರ ಹಿಗ್ಗುತ್ತದೆ. ತಂತಿಯ ಒಂದು ಪಾಲು 1500 ಮೀಟರ್‌ವರೆಗೆ ಉದ್ದವಿರುತ್ತದೆ. ನಡುವೆ ಹಿಡಿದು ನಿಲ್ಲಿಸಿದರೆ ಒಂದೊಂದು ತುದಿಯ ಪಾಲಿಗೆ 750 ಮೀಟರ್. ತಂತಿ ಮುಂಜಾನೆಗಿಂತ ಮಧ್ಯಾಹ್ನ 20 ಡಿಗ್ರಿ ಹೆಚ್ಚು ಕಾದರೆ ಅದು ಕಾಲು ಮೀಟರಿನಷ್ಟು ಉದ್ದವಾಗುತ್ತದೆ. ಕಟ್ಟಿಬಿಟ್ಟ ತಂತಿಯಾದರೆ ಜೋಲುಬೀಳುತ್ತಿತ್ತು. ಇಲ್ಲಿ ತೂಕ ಮುಕ್ಕಾಲು ಮೀಟರ್ ಕೆಳಗಿಳಿಯುತ್ತದೆ, ರಾತ್ರಿ ತಣಿದಾಗ ಮೇಲೇರುತ್ತದೆ. ಎಳೆತ ಮಾತ್ರ ಹಾಗೇ. ಬಲದಲ್ಲಿ ಮೂರು ಪಟ್ಟು ಉಳಿಸಿದವರು ದೂರದಲ್ಲಿ ಮೂರು ಪಟ್ಟು ತೆರಬೇಕು ಎಂಬ ಲೆಕ್ಕವನ್ನು ಆ ಬಿಲ್ಲೆಗಳು ದಿನವೂ ತೀರಿಸುತ್ತವೆ. ರಾಟೆ ಬಿಗಿಹಿಡಿದರೆ ಲೆಕ್ಕ ಕೆಡುತ್ತದೆ. ಹಾಗಾಗಿಯೇ ಸಿಬ್ಬಂದಿ ಅದಕ್ಕೆ ಗ್ರೀಸ್ ಹಚ್ಚಿ ನೋಡಿಕೊಳ್ಳುತ್ತಾರೆ. ಅವರ ಪಾಲಿಗೆ ಘರ್ಷಣೆಯಿಲ್ಲದ ರಾಟೆ ನಿತ್ಯದ ಗುರಿ.

ಹಾಗಾದರೆ ಪುಸ್ತಕದ ಹಗ್ಗ ಎಲ್ಲ ಕಡೆಯೂ ಸರಿಯೇ? ಖಂಡಿತ ಅಲ್ಲ, ಅದನ್ನು ಕಲಿಸದಿರುವುದೇ ನನ್ನ ತಕರಾರು. ಯಲಹಂಕದ ಕಡೆ ಕೊಳವೆಬಾವಿ ಸಾವಿರ ಅಡಿ ಹೋಗುವುದು ಹೊಸದೇನಲ್ಲ. ಮೋಟಾರು ಕೆಟ್ಟಾಗ ಮೇಲೆತ್ತುವವರು ಬಂದು, ಚೈನ್ ಪುಲ್ಲಿ ಹಾಕಿ, ಪೈಪನ್ನು ಒಂದೊಂದಾಗಿ ಕಳಚುತ್ತ ಎಳೆಯುತ್ತಾರೆ. ಕಬ್ಬಿಣದ ಪೈಪು ಮೀಟರಿಗೆ 5 ಕಿಲೊ ಎಂದಿಟ್ಟುಕೊಂಡರೆ 300 ಮೀಟರಿಗೆ 1500 ಕಿಲೊ. ತುದಿಯ ಮೋಟಾರು, ಪಂಪು ಸೇರಿ ನೂರು ಕಿಲೊ ಅನ್ನಿ. ಕೆಳತುದಿಯಲ್ಲಿ ಎಳೆತ ನೂರು, ಮೇಲ್ತುದಿಯಲ್ಲಿ ಸಾವಿರದ ಆರುನೂರು! ಇಲ್ಲಿ ‘ತೂಕವಿಲ್ಲದ ಹಗ್ಗ’ ಎಂದು ಲೆಕ್ಕ ಮಾಡಿದವನ ಚೈನು ಕಿತ್ತು ಬರುತ್ತದೆ. ಹೆಬ್ಬಾಳದ ಎತ್ತರದ ಅಪಾರ್ಟ್‌ಮೆಂಟ್‌ಗಳ ಲಿಫ್ಟಿನದು ಇನ್ನೊಂದು ಕಥೆ. ಅಲ್ಲಿ ಮೋಟಾರು ತಿರುಗಿಸುವ ಚಕ್ರ ಹಗ್ಗವನ್ನು ಹಿಡಿದಿರುವುದೇ ಘರ್ಷಣೆಯಿಂದ, ಚಕ್ರದ ಎರಡು ಕಡೆಯ ಎಳೆತಗಳು ಬೇರೆಬೇರೆ ಇರುವುದೂ ಅದರಿಂದಲೇ. ನುಣುಪಾದ ರಾಟೆ ಹಾಕಿದರೆ ಚಕ್ರ ಸುಮ್ಮನೆ ಜಾರುತ್ತದೆ, ಲಿಫ್ಟ್ ಮೋಟಾರಿನ ಮಾತು ಕೇಳುವುದಿಲ್ಲ.

ಹಗ್ಗದ ತೂಕ ಬಿಡಬಹುದಾದ ಜಾಗ, ಬಿಡಬಾರದ ಜಾಗ ಎರಡೂ ಹೀಗೆ ನಮ್ಮ ಸುತ್ತಲೇ ಇವೆ. ತರಗತಿಯಲ್ಲಿ ಆ ಗೆರೆ ಎಳೆಯುವುದಕ್ಕೆ ಪುರಸೊತ್ತಿಲ್ಲ, ಏಕೆಂದರೆ ಸಿಇಟಿಯ ಭೌತವಿಜ್ಞಾನದಲ್ಲಿ 60 ಪ್ರಶ್ನೆಗೆ 80 ನಿಮಿಷ. ಒಂದು ಪ್ರಶ್ನೆಗೆ ಒಂದು ನಿಮಿಷ ಇಪ್ಪತ್ತು ಸೆಕೆಂಡ್ ಸಿಗುವಲ್ಲಿ ಸೂತ್ರ ಉರುಹೊಡೆಯುವ ಹುಡುಗಿಯನ್ನು ನಾನು ದೂರುವುದಿಲ್ಲ. ಎನ್‌ಸಿಇಆರ್‌ಟಿ ಪುಸ್ತಕದ ಅಭ್ಯಾಸದಲ್ಲಿ ಒಂದು ಲೆಕ್ಕವಿದೆ: ರಾಟೆಯ ಒಂದು ಕಡೆ 8 ಕಿಲೊ, ಇನ್ನೊಂದು ಕಡೆ 12. ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿದರೆ ಎಳೆತ 96 ನ್ಯೂಟನ್. ಅವಳು ಹತ್ತು ಸೆಕೆಂಡಿನಲ್ಲಿ ಹೇಳುತ್ತಾಳೆ. ರಾಟೆಯ ಅಚ್ಚಿನ ಮೇಲೆ ಬೀಳುವ ಭಾರವೆಷ್ಟು ಎಂದು ಕೇಳಿ ನೋಡಿ. ಎರಡೂ ತೂಕ ಸೇರಿ 200 ನ್ಯೂಟನ್, ಅಚ್ಚು ಹೊರುವುದು 192. ಎಂಟು ಎಲ್ಲಿ ಹೋಯಿತು? ಇಳಿಯುವ 12 ಕಿಲೊ, ಏರುವ 8 ಕಿಲೊಗಿಂತ ಹೆಚ್ಚಿರುವುದರಿಂದ ಒಟ್ಟಾರೆ ಹೊರೆ ಕೆಳಮುಖವಾಗಿ ವೇಗ ಪಡೆಯುತ್ತಿದೆ. ಎಂಟು ನ್ಯೂಟನ್ ಅದಕ್ಕೆ ವಿನಿಯೋಗ. ಸೂತ್ರ ಉರುಹೊಡೆದವರು ಇಲ್ಲಿ ತಡವರಿಸುತ್ತಾರೆ, ಚಿತ್ರ ಬರೆದುಕೊಂಡು ಒಂದೊಂದೇ ಬಲವನ್ನು ಗುರುತಿಸಿದವರು ತಡವರಿಸುವುದಿಲ್ಲ.

ಹಾಗಾಗಿ ಪಠ್ಯದಿಂದ ತೂಕವಿಲ್ಲದ ಹಗ್ಗವನ್ನು ತೆಗೆದುಹಾಕಿ ಎನ್ನುವ ಹಿರಿಯರಲ್ಲಿ ನನ್ನದೊಂದು ಅರಿಕೆ. ಅದು ಇದ್ದಲ್ಲೇ ಇರಲಿ. ಬದಲಿಗೆ ಪ್ರತಿ ರಾಟೆ ಲೆಕ್ಕದ ಕೊನೆಗೆ ಎರಡು ಪ್ರಶ್ನೆ ಸೇರಿಸಿ: ಹಗ್ಗದ ತೂಕ ಹೊರೆಯ ಎಷ್ಟರಲ್ಲೊಂದು ಪಾಲು ಆಗುವವರೆಗೆ ಈ ಉತ್ತರವನ್ನು ನಂಬಬಹುದು? ರಾಟೆಯನ್ನು ಹೊತ್ತ ತೊಲೆಯ ಮೇಲೆ ಎಷ್ಟು ಭಾರ ಬಿತ್ತು? ಇವಕ್ಕೆ ಅಂಕ ಕೊಡದಿದ್ದರೂ ಚಿಂತೆಯಿಲ್ಲ, ತರಗತಿಯಲ್ಲಿ ಐದು ನಿಮಿಷ ಕೊಡಿ.