ಮುಳ್ಳುಗಿಡದ ಬೋನ್ಸಾಯ್: ನಮ್ಮ ಬೇಲಿಯಲ್ಲೇ ಇರುವ ಸರಕು

ಹೆಸರಿನಲ್ಲಿಯೇ ‘ಹೆಮ್ಮರ’ವನ್ನು ಹೊತ್ತ ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಲ್ಲಿ ಅಂಗೈಯಗಲದ ಕುಂಡದ ಮರಗಳ ಮಾತೆತ್ತುವುದು ಕೆಲವರಿಗೆ ವಿನೋದವೆನಿಸಬಹುದು. ಆದರೆ ಬೋನ್ಸಾಯ್ ಈಗ ಕೇವಲ ಹವ್ಯಾಸಿಗಳ ವಿಷಯವಾಗಿ ಉಳಿದಿಲ್ಲ. ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನಕ್ಕೂ ಬೆಂಗಳೂರಿನ ಲಾಲ್‌ಬಾಗ್‌ನ ಬೋನ್ಸಾಯ್ ತೋಟಕ್ಕೂ ಬರುವ ವೀಕ್ಷಕರಲ್ಲಿ ಕೆಲವರಾದರೂ ಮರಳುವಾಗ ಒಂದು ಕುಂಡವನ್ನು ಕೊಳ್ಳಬಯಸುತ್ತಾರೆ. ಅವರಿಗೆ ಸರಕು ಒದಗಿಸುವವರು ಯಾರು ಎಂಬುದೇ ಪ್ರಶ್ನೆ.

ವಿದೇಶಿ ಕೈಪಿಡಿಗಳನ್ನು ಓದಿದ ನರ್ಸರಿ ಮಾಲೀಕರು ಬಾರ್ಬೆರಿ ಎಂಬ ಮುಳ್ಳುಪೊದೆಯತ್ತ ಆಸೆಯ ಕಣ್ಣು ಹಾಯಿಸುವುದುಂಟು. ಕಿರಿದಾದ ಎಲೆ, ಒತ್ತಾದ ಕವಲು, ಕತ್ತರಿಸಿದಷ್ಟೂ ಚಿಗುರುವ ಗುಣ, ಕೊಯ್ದರೆ ಕಾಣುವ ಅರಿಸಿನ ಬಣ್ಣದ ಕಾಷ್ಠ ಇವೆಲ್ಲವೂ ಬೋನ್ಸಾಯ್‌ಗೆ ಹೇಳಿ ಮಾಡಿಸಿದಂತಿವೆ. ಒಣರೆಂಬೆ ತಂತಿ ಸುತ್ತಿ ಬಗ್ಗಿಸಿದರೆ ಮುರಿಯುವುದರಿಂದ ಅದನ್ನು ಕತ್ತರಿಯಿಂದಲೇ ತಿದ್ದಬೇಕು. ಹೂ ಮುಗಿದ ಬಳಿಕ ಸವರುವುದು ರೂಢಿ. ಆದರೆ ಅದು ತಂಪು ಬೇಡುವ ಗಿಡ. ಅದರ ಬಂಧುವೊಂದು ನೀಲಗಿರಿಯ ಎತ್ತರದಲ್ಲಿ ಬೆಳೆಯುತ್ತದೆಯೇ ಹೊರತು ಕಪಿಲಾ ತೀರದ ಬೇಸಿಗೆಯಲ್ಲಲ್ಲ. ಹೊರದೇಶದಿಂದ ತರಿಸಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿಯೂ ಸಸ್ಯಾರೋಗ್ಯ ಪತ್ರವೂ ಬೇಕು. ಈ ಬಿಗಿ ನಿರಾಧಾರವಲ್ಲ: ಬಾರ್ಬೆರಿಯ ಕೆಲವು ಪ್ರಭೇದಗಳು ಗೋಧಿಯ ಕಾಂಡ ತುಕ್ಕುರೋಗಕ್ಕೆ ಆಶ್ರಯ ನೀಡುವುದರಿಂದ ಅಮೆರಿಕವು 1918ರಲ್ಲಿ ಅವುಗಳನ್ನು ಬೇರುಸಹಿತ ಕೀಳುವ ಅಭಿಯಾನವನ್ನೇ ಆರಂಭಿಸಿತ್ತು.

ಹೀಗಿರುವಾಗ ಮೈಸೂರು ಸೀಮೆಯ ಕುರುಚಲು ನೆಲದ ಕವಳಿ, ಕಾರೆ, ಬಾರೆ ಗಿಡಗಳನ್ನು ಕಡೆಗಣಿಸುವುದು ವ್ಯವಹಾರ ಜಾಣ್ಮೆಯಲ್ಲ. ಅದರಲ್ಲೂ ಕವಳಿಗೆ ಹೊಳೆಯುವ ಎಲೆ, ಸುವಾಸನೆಯ ಬಿಳಿ ಹೂ, ಉಪ್ಪಿನಕಾಯಿಗೆ ಒದಗುವ ಕಾಯಿ, ಜೋಡಿ ಮುಳ್ಳು ಎಲ್ಲವೂ ಇವೆ. ಬಿಸಿಲು, ನೀರಿನ ಕೊರತೆ ಎರಡನ್ನೂ ತಾಳುತ್ತದೆ. ಕೆಂಪುಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು, ಗೊಬ್ಬರ ಬೆರೆಸಿದ ನೀರು ನಿಲ್ಲದ ಮಿಶ್ರಣ ಅದಕ್ಕೆ ಸಾಕು. ಸವರುವಾಗ ಹಾಲು ಒಸರುವುದರಿಂದ ಕತ್ತರಿಯನ್ನು ಆಗಾಗ ಒರೆಸಬೇಕು, ಕೈಗೆ ತೊಗಲಿನ ಚೀಲವಿರಬೇಕು. ಒಳಮುಖವಾಗಿ ಬೆಳೆದ ರೆಂಬೆಗಳನ್ನು ತೆಗೆದು, ಎರಡು ಮೂರು ವರ್ಷಕ್ಕೊಮ್ಮೆ ಬೇರನ್ನು ಸವರಿ ಮಣ್ಣು ಬದಲಿಸಬೇಕು. ಮುಳ್ಳನ್ನೆಲ್ಲ ಕಿತ್ತು ‘ಅಂದ’ ಮಾಡುವವರಿದ್ದಾರೆ. ಅದು ಗಿಡದ ಗುರುತನ್ನೇ ಅಳಿಸಿದಂತೆ.

ನಿಜವಾದ ತೊಡಕು ಬಂಡವಾಳದ್ದು. ಬೀಜದಿಂದ ಬೆಳೆಸಿದ ಗಿಡದ ಬುಡ ದಪ್ಪವಾಗಲು ಹಲವು ವರ್ಷ ಬೇಕು. ವರ್ಷ ತುಂಬುತ್ತಲೇ ಮರುಪಾವತಿ ಕೇಳುವ ಸಾಲ ಇದಕ್ಕೆ ಒಗ್ಗುವುದಿಲ್ಲ. ಆಗ ಅಡ್ಡದಾರಿಯೊಂದು ಎದುರಾಗುತ್ತದೆ: ಗೋಮಾಳದಿಂದಲೋ ಬಂಡೀಪುರದ ಅಂಚಿನ ಕಾಡಿನಿಂದಲೋ ಹಳೆಯ ಪೊದೆಗಳನ್ನು ಅಗೆದು ತಂದು ಕುಂಡಕ್ಕಿಳಿಸುವುದು. ಮೀಸಲು ಅರಣ್ಯದಿಂದ ತಂದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅದು ಅಪರಾಧ. ಅದಿರಲಿ, ಅಗೆದ ಮುದಿಗಿಡಗಳಲ್ಲಿ ಬೇರು ಹಿಡಿಯದೆ ಸಾಯುವುವೇ ಹೆಚ್ಚು. ಇಂತಹ ಸರಕನ್ನು ವರ್ತಕರು ಕೊಳ್ಳಲು ನಿರಾಕರಿಸದಿದ್ದರೆ ಪ್ರಾಮಾಣಿಕವಾಗಿ ಬೆಳೆಸುವವನು ಬೆಲೆಯಲ್ಲಿ ಸೋಲುತ್ತಾನೆ.

ನಂಜನಗೂಡು ರಸಬಾಳೆಯ ಅನುಭವ ದೂರದ್ದೇನಲ್ಲ. ಭೌಗೋಳಿಕ ಸೂಚಿಯ ಗೌರವ ಅದಕ್ಕೆ ಸಂದಿದೆ. ಆದರೆ ಸೊರಗು ರೋಗದಿಂದ ಬೆಳೆಯ ವಿಸ್ತೀರ್ಣ ಕುಗ್ಗಿ, ಬೇಡಿಕೆಯಿದ್ದರೂ ಹಣ್ಣು ಸಾಲದಾಯಿತು. ಹೆಸರು ಮಾರುಕಟ್ಟೆಯನ್ನು ಒದಗಿಸೀತು, ಸರಕನ್ನಲ್ಲ.

ಆದುದರಿಂದ ನರ್ಸರಿಗಳು ಮೂರು ವರ್ಷದ ಅರೆಸಿದ್ಧ ಗಿಡಗಳನ್ನು ಹವ್ಯಾಸಿಗಳಿಗೆ ಮಾರುತ್ತಾ, ಒಂದು ಪಾಲನ್ನು ಮಾತ್ರ ಹಿರಿದಾಗಲು ಉಳಿಸಿಕೊಳ್ಳುವುದು ಕಾರ್ಯಸಾಧ್ಯ. ಸಜೀವ ಗಿಡಗಳಿಗೆ ಜಿಎಸ್‌ಟಿ ಇಲ್ಲ. ತಗ್ಗಾದ ಕುಂಡಗಳನ್ನು ಸ್ಥಳೀಯ ಕುಂಬಾರರಿಂದಲೇ ಮಾಡಿಸಬಹುದು. ಖಾನಾಪುರದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಈ ಕಸುಬಿನ ತರಬೇತಿಗಾಗಿಯೇ ಇದೆ. ಕವಳಿ ಬೀಜ ಬಹುದಿನ ಇಟ್ಟರೆ ಮೊಳೆಯದು. ಹಣ್ಣು ಮಾಗಿದ ಮಳೆಗಾಲದಲ್ಲೇ ಬಿತ್ತನೆ ಮುಗಿಯಬೇಕು.