ನೂರೆಂಟು ಕೆಲಸ ಅಂದರೆ ಎಣಿಸಲು ಕೂರಬೇಡಿ

"ನೂರೆಂಟು ಕೆಲಸ ಇದೆ ಮಾರಾಯ್ರೆ, ಆಮೇಲೆ ಮಾತಾಡೋಣ" ಅಂತ ಯಾರಾದರೂ ಹೇಳಿದರೆ ನಾವು ಆ ನೂರೆಂಟರ ಪಟ್ಟಿ ಕೇಳುತ್ತೇವಾ? ಏಳು ಕೆರೆ ನೀರು ಕುಡಿದವನು ಅಂದರೆ ಯಾವ ಯಾವ ಕೆರೆ ಎಂದು ವಿಚಾರಿಸುತ್ತೇವಾ? "ನಾಲ್ಕು ಜನ ಏನಂದಾರು" ಎಂದು ಅಮ್ಮ ಗದರಿದಾಗ ಆ ನಾಲ್ವರ ಹೆಸರು ಹೇಳು ಎಂದವರು ಯಾರಾದರೂ ಉಂಟೇ? ಇಲ್ಲ. ಯಾಕೆಂದರೆ ಅಲ್ಲಿರುವುದು ಲೆಕ್ಕವಲ್ಲ, ಮಾತು. ಇದು ನಮಗೆ ಯಾರೂ ಹೇಳಿಕೊಡದೆ ಗೊತ್ತು.

ಆದರೆ ಅದೇ ನಾವು ಹಳೆಯ ಧರ್ಮಗ್ರಂಥವೊಂದರಲ್ಲಿ ಏಳು, ಹನ್ನೆರಡು, ನಲವತ್ತು ಕಂಡ ಕೂಡಲೇ ಕ್ಯಾಲ್ಕುಲೇಟರ್ ಹಿಡಿದು ಕೂರುತ್ತೇವೆ ನೋಡಿ, ನನ್ನ ತಕರಾರು ಇರುವುದು ಅಲ್ಲಿ.

ಮೂವತ್ತು ವರ್ಷಗಳಿಂದ ಮುಂಬಯಿಯಲ್ಲಿದ್ದೇನೆ. ನಮ್ಮ ಸೊಸೈಟಿಯಲ್ಲಿ ಮಂಗಳೂರು ಕಡೆಯ ಕ್ರೈಸ್ತರಿದ್ದಾರೆ, ಗುಜರಾತಿ ಜೈನರಿದ್ದಾರೆ, ನಮ್ಮ ಉತ್ತರ ಕರ್ನಾಟಕದವರೂ ಇದ್ದಾರೆ. ಯಾರ ಮೊಬೈಲಿಗೆ ಬರುವ ಫಾರ್ವರ್ಡ್ ನೋಡಿದರೂ ಅಂಕಿಗಳದ್ದೇ ಜಾತ್ರೆ. ಬಾರ್‌ಕೋಡಿನಲ್ಲಿ 666 ಇದೆಯಂತೆ, ಬೈಬಲ್ಲಿನ ಲೆಕ್ಕ ಹಾಕಿದರೆ ಪ್ರಳಯ ಇಂಥ ದಿನವಂತೆ, ಪ್ರಾಚೀನ ಬಾಬಿಲೋನಿನ ಸಂಖ್ಯಾಶಾಸ್ತ್ರದ ಪ್ರಕಾರ ನಿಮ್ಮ ಹೆಸರಿಗೆ ಇನ್ನೊಂದು 'ಎ' ಸೇರಿಸಬೇಕಂತೆ! ನಗು ಬರುತ್ತದೆ, ನಿಜ. ಆದರೆ ಇದಕ್ಕೆ ಜನ ಕೆಲಸ ಬಿಟ್ಟಿದ್ದಾರೆ, ಹಣ ಕಳೆದುಕೊಂಡಿದ್ದಾರೆ. ಹಾಗಾಗಿ ನಕ್ಕು ಸುಮ್ಮನಾಗುವ ವಿಷಯ ಇದಲ್ಲ.

ಮೊದಲು ಆ ಗ್ರಂಥಗಳಲ್ಲೇ ಏನಿದೆ ನೋಡೋಣ. ಬೈಬಲ್ಲಿನ ನಲವತ್ತನ್ನು ತೆಗೆದುಕೊಳ್ಳಿ. ನೋಹನ ಕಾಲದ ಮಳೆ ನಲವತ್ತು ಹಗಲು ನಲವತ್ತು ರಾತ್ರಿ. ಮೋಶೆ ಸೀನಾಯಿ ಬೆಟ್ಟದ ಮೇಲಿದ್ದದ್ದು ನಲವತ್ತು ದಿನ. ಇಸ್ರಾಯೇಲರು ಮರುಭೂಮಿಯಲ್ಲಿ ಅಲೆದದ್ದು ನಲವತ್ತು ವರ್ಷ. ನಿನೆವೆ ಪಟ್ಟಣಕ್ಕೆ ಯೋನ ಕೊಟ್ಟ ಗಡುವು ನಲವತ್ತು ದಿನ. ಯೇಸು ಅಡವಿಯಲ್ಲಿ ಉಪವಾಸವಿದ್ದದ್ದೂ ಅಷ್ಟೇ. ದಾವೀದ ಆಳಿದ್ದು ನಲವತ್ತು ವರ್ಷ, ಮಗ ಸೊಲೊಮೋನ ಆಳಿದ್ದೂ ನಲವತ್ತು. ಇನ್ನು ಐಗುಪ್ತದಿಂದ ಹೊರಟ 480ನೇ ವರ್ಷದಲ್ಲಿ ಸೊಲೊಮೋನ ದೇವಾಲಯ ಕಟ್ಟಲು ಶುರು ಮಾಡಿದ ಎಂದಿದೆ. ಹನ್ನೆರಡು ನಲವತ್ತಲೆ ಎಷ್ಟು? 480! ಬರೆದವನು ಪಂಚಾಂಗ ಬರೆಯುತ್ತಿರಲಿಲ್ಲ ಸ್ವಾಮಿ. ಒಂದು ಕಾಲ ಪೂರ್ತಿಯಾಯಿತು, ಪರೀಕ್ಷೆ ಮುಗಿಯಿತು, ಹೊಸತು ಹುಟ್ಟುತ್ತದೆ ಎಂದು ಹೇಳುತ್ತಿದ್ದ. ಅವನ ಕೇಳುಗರಿಗೆ ಅದು ತಕ್ಷಣ ತಿಳಿಯುತ್ತಿತ್ತು, ನಮಗೆ ನೂರೆಂಟು ತಿಳಿದ ಹಾಗೆ.

ಏಳಂತೂ ಇನ್ನೂ ಸೊಗಸು. ಆದಿಕಾಂಡದಲ್ಲಿ ಸೃಷ್ಟಿ ಮುಗಿದು ವಿಶ್ರಾಂತಿ ಸಿಗುವುದು ಏಳನೇ ದಿನ. ಹೀಬ್ರೂ ಭಾಷೆಯಲ್ಲಿ ಏಳು ಎನ್ನುವುದಕ್ಕೂ ಆಣೆ ಇಡುವುದಕ್ಕೂ ಒಂದೇ ಮೂಲಾಕ್ಷರಗಳು. ಅದಕ್ಕೇ ಅಬ್ರಹಾಮ ಏಳು ಕುರಿಮರಿ ಕೊಟ್ಟು ಒಪ್ಪಂದ ಮಾಡಿಕೊಂಡ ಬಾವಿಯ ಜಾಗ ಬೇರ್ಷೆಬ: ಏಳರ ಬಾವಿಯೂ ಹೌದು, ಆಣೆಯ ಬಾವಿಯೂ ಹೌದು.

ಇನ್ನೊಂದು ನೋಡಿ. ಆದಿಕಾಂಡದಲ್ಲಿ ಲೆಮೆಕ ಎಂಬ ಒರಟ, ಕಾಯಿನನಿಗೆ ಏಳರಷ್ಟು ಸೇಡಾದರೆ ನನಗೆ ಎಪ್ಪತ್ತೇಳರಷ್ಟು ಎಂದು ಜಂಬ ಕೊಚ್ಚುತ್ತಾನೆ. ನೂರಾರು ವರ್ಷಗಳ ನಂತರದ ಮತ್ತಾಯನ ಸುವಾರ್ತೆಯಲ್ಲಿ, ತಪ್ಪು ಮಾಡಿದವನನ್ನು ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರ ಕೇಳುತ್ತಾನೆ. ಯೇಸು ಉತ್ತರ ಕೊಡುವುದು ಗ್ರೀಕ್ ಅನುವಾದದಲ್ಲಿ ಲೆಮೆಕನ ಬಾಯಲ್ಲಿರುವ ಅದೇ ಸಂಖ್ಯೆಯಿಂದ. ಸೇಡಿನ ಸಂಖ್ಯೆಯನ್ನು ಕ್ಷಮೆಯ ಸಂಖ್ಯೆ ಮಾಡಿಬಿಟ್ಟ! ಇದನ್ನು ಕೆಲವರು ಎಪ್ಪತ್ತೇಳು ಎಂದು ಓದುತ್ತಾರೆ, ಕೆಲವರು ಎಪ್ಪತ್ತು ಸಲ ಏಳು, ಅಂದರೆ 490 ಎಂದು. ಈಗ ಲೆಕ್ಕದವರು ಹೇಳಲಿ, 491ನೇ ತಪ್ಪಿಗೆ ಕೆನ್ನೆಗೆ ಬಾರಿಸಬಹುದೇ?

ಲೆಕ್ಕ ಸರಿಹೋಗದಿದ್ದರೆ ಆ ಬರಹಗಾರರು ತಲೆ ಕೆಡಿಸಿಕೊಂಡವರಲ್ಲ. ಮತ್ತಾಯ ಯೇಸುವಿನ ವಂಶಾವಳಿಯನ್ನು ಹದಿನಾಲ್ಕು ತಲೆಮಾರಿನ ಮೂರು ಭಾಗ ಮಾಡುತ್ತಾನೆ. ಹಾಗೆ ಹೊಂದಿಸಲು ನಡುವೆ ಮೂವರು ರಾಜರನ್ನೇ ಬಿಟ್ಟಿದ್ದಾನೆ. ಕೊನೆಯ ಭಾಗ ಎಣಿಸಿದರೆ ಹದಿಮೂರೇ ಸಿಗುತ್ತದೆ. ಯಾಕೆ ಹದಿನಾಲ್ಕೇ ಬೇಕಿತ್ತು? ಹೀಬ್ರೂ ಅಕ್ಷರಗಳೇ ಅಂಕಿಗಳೂ ಹೌದು. ದಾವೀದ ಎಂಬ ಹೆಸರಿನ ಮೂರು ಅಕ್ಷರಗಳ ಬೆಲೆ 4, 6, 4. ಕೂಡಿದರೆ ಹದಿನಾಲ್ಕು. 'ಇವನು ದಾವೀದನ ವಂಶದವನು' ಎಂಬ ಮಾತನ್ನು ಅಂಕಿಯಲ್ಲಿ ಹೇಳಿದ್ದು ಎಂದು ಹಲವು ವಿದ್ವಾಂಸರು ಓದುತ್ತಾರೆ. ಹನ್ನೆರಡು ಕುಲಗಳ ಕಥೆಯೂ ಹಾಗೇ. ಪ್ರಕಟನೆ ಗ್ರಂಥದ ಪಟ್ಟಿಯಲ್ಲಿ ದಾನ್ ಕುಲ ಮಾಯ, ಅದರ ಬದಲು ಬೇರೆ ಹೆಸರು ಸೇರಿದೆ. ಹೆಸರು ಬದಲಾದರೂ ಹನ್ನೆರಡು ಬದಲಾಗುವಂತಿಲ್ಲ. ಹನ್ನೆರಡು ಅಂದರೆ 'ಇಡೀ ಜನ'.

ಇದು ಬೈಬಲ್ಲಿನದೊಂದೇ ಚಾಳಿಯಲ್ಲ. ಮೆಸೊಪೊಟೇಮಿಯಾದವರು ಅರವತ್ತರ ಲೆಕ್ಕದವರು. ಆಕಾಶದ ದೇವರು ಅನುವಿಗೆ 60, ಎನ್ಲಿಲನಿಗೆ 50, ಚಂದ್ರದೇವ ಸಿನ್‌ಗೆ 30. ತಿಂಗಳಿಗೆ ಮೂವತ್ತು ದಿನ ತಾನೆ? ಲಿಪಿಕಾರರು ಎಷ್ಟೋ ಸಲ ಚಂದ್ರನ ಹೆಸರನ್ನೇ ಬರೆಯದೆ 30 ಎಂದು ಅಂಕಿ ಹಾಕುತ್ತಿದ್ದರು. ಸುಮೇರಿಯನ್ ರಾಜರ ಪಟ್ಟಿಯಲ್ಲಿ ಪ್ರಳಯಕ್ಕೆ ಮೊದಲಿನ ಎಂಟು ರಾಜರು ಆಳಿದ್ದು ಒಟ್ಟು 2,41,200 ವರ್ಷ. ಮೊದಲನೆಯವನೊಬ್ಬನೇ 28,800 ವರ್ಷ. ಇದು 3600ರ ಎಂಟು ಪಟ್ಟು, ಅಂದರೆ ಅವರ ಲೆಕ್ಕದ ದೊಡ್ಡ ಅಳತೆಯ ಎಂಟು ಪಟ್ಟು. ಕ್ರಿಸ್ತಪೂರ್ವ ಮೂರನೇ ಶತಮಾನದ ಬಾಬಿಲೋನಿನ ಪುರೋಹಿತ ಬೆರೋಸಸ್ ಕೊಡುವ ಮೊತ್ತ 4,32,000. ನಮ್ಮ ಕಲಿಯುಗದ ಅವಧಿಯೂ 4,32,000! ಕೂಡಲೇ 'ನಮ್ಮಿಂದ ಕದ್ದರು', 'ಅವರಿಂದ ನಮಗೆ ಬಂತು' ಎಂದು ಜಗಳಕ್ಕೆ ಇಳಿಯಬೇಡಿ. ಎರಡೂ ಕಡೆ ಹೇಳುತ್ತಿರುವುದು, ಇದು ಮನುಷ್ಯರ ಆಯುಸ್ಸಿನ ಅಳತೆಗೆ ಸಿಗದ ಕಾಲ ಎಂದು.

ಈಗ ಎಲ್ಲರ ಅಚ್ಚುಮೆಚ್ಚಿನ 666ಕ್ಕೆ ಬರೋಣ. ಸಂಗೀತ ಬಲ್ಲವರಿಗೆ ಇದು ಸುಲಭ. ನಮ್ಮ ಕಟಪಯಾದಿ ಪದ್ಧತಿಯಲ್ಲಿ ಮೇಚಕಲ್ಯಾಣಿಯ 'ಮೇ' ಐದು, 'ಚ' ಆರು, ತಿರುಗಿಸಿದರೆ 65ನೇ ಮೇಳಕರ್ತ. ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಅಂದಿನ ಗ್ರೀಕರೂ ಯೆಹೂದ್ಯರೂ ಹೆಸರನ್ನು ಹೀಗೇ ಅಂಕಿಯಲ್ಲಿ ಅಡಗಿಸುತ್ತಿದ್ದರು. ಪಾಂಪೇ ನಗರದ ಗೋಡೆಯೊಂದರಲ್ಲಿ ಪ್ರೇಮಿಯೊಬ್ಬ ತನ್ನವಳ ಹೆಸರು ಹೇಳದೆ ಅವಳ ಸಂಖ್ಯೆ 545 ಎಂದಷ್ಟೇ ಗೀಚಿದ್ದಾನೆ. ನಮ್ಮ ಕಾಲೇಜು ಬೆಂಚಿನ ಮೇಲೆ ಕೆತ್ತಿದ ಹಾಗೆ! ಪ್ರಕಟನೆ ಗ್ರಂಥ 666 ಒಬ್ಬ ಮನುಷ್ಯನ ಸಂಖ್ಯೆ ಎಂದು ಬಿಡಿಸಿಯೇ ಹೇಳುತ್ತದೆ. 'ನೀರೋನ್ ಕೈಸರ್' ಎಂದು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸಿ: 306 ಮತ್ತು 360, ಒಟ್ಟು 666. ಕೊನೆಯ 'ನ್' ಬಿಟ್ಟರೆ 616. ಕೆಲವು ಹಳೆಯ ಪ್ರತಿಗಳಲ್ಲಿ 616 ಎಂದೇ ಇದೆ. ಕ್ರೈಸ್ತರನ್ನು ಹಿಂಸಿಸಿದ ರೋಮಿನ ಚಕ್ರವರ್ತಿ ನೀರೋನ ಹೆಸರನ್ನು ಬಾಯಿಬಿಟ್ಟು ಹೇಳಲಾಗದ ಜನ ಹೀಗೆ ಹೇಳಿಕೊಂಡರು ಎಂಬುದು ಇಂದು ಬಹುಪಾಲು ವಿದ್ವಾಂಸರ ಓದು. ಅಧಿಕಾರಕ್ಕೆ ಹೆದರಿ ಬದುಕಿದವರ ಗುಟ್ಟುಮಾತು ಅದು. ಅದನ್ನು ಬಾರ್‌ಕೋಡಿಗೆ ಅಂಟಿಸಿದವರು ಆ ಜನರ ಸಂಕಟವನ್ನೇ ಅಳಿಸಿಹಾಕಿದ್ದಾರೆ.

ಅಂಟಿಸುವವರಿಗೇನು, ಯಾರಿಗೆ ಬೇಕಾದರೂ ಅಂಟಿಸಬಹುದು. ಹದಿನಾರನೇ ಶತಮಾನದಲ್ಲಿ ಲೂಥರನ ಅನುಯಾಯಿ ಮೈಕೆಲ್ ಸ್ಟಿಫೆಲ್ ಪೋಪ್ ಹತ್ತನೇ ಲಿಯೋನ ಹೆಸರಿನಿಂದ 666 ಹೊರಡಿಸಿದ. ಅದಕ್ಕೆ ಉತ್ತರವಾಗಿ ಕ್ಯಾಥೊಲಿಕ್ ಪಂಡಿತ ಪೀಟರ್ ಬುಂಗಸ್ ಲೂಥರನ ಹೆಸರಿನಿಂದಲೇ 666 ಹೊರಡಿಸಿದ! ಇಬ್ಬರ ಕೂಡುವಿಕೆಯೂ ಸರಿ. ಇದೇ ಸ್ಟಿಫೆಲ್ 1533ರ ಅಕ್ಟೋಬರಿನಲ್ಲಿ ಲೋಕ ಮುಗಿಯುತ್ತದೆ ಎಂದು ದಿನ, ಗಂಟೆ ಸಮೇತ ಹೇಳಿ ತನ್ನ ಹಳ್ಳಿಯವರನ್ನು ಕೆಡಿಸಿದ. ಲೋಕ ಉಳಿಯಿತು, ಅವನ ಉದ್ಯೋಗ ಹೋಯಿತು. ಅವನೇನು ದಡ್ಡನಲ್ಲ, ಆಮೇಲೆ 1544ರಲ್ಲಿ ಒಳ್ಳೆಯ ಬೀಜಗಣಿತದ ಪುಸ್ತಕ ಬರೆದ. ಗಣಿತ ಬಲ್ಲವರು ಹೇಳಿದರು ಎಂದ ಮಾತ್ರಕ್ಕೆ ನಂಬಬಾರದು ಅನ್ನುವುದಕ್ಕೆ ಇಷ್ಟು ಸಾಕು.

ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಹಿಡಿದು ಕ್ರಿಸ್ತಪೂರ್ವ 457ರಿಂದ ಎಣಿಸಿದ. ಕೊನೆಗೆ ನಿಂತ ದಿನ 1844ರ ಅಕ್ಟೋಬರ್ 22. ಸಾವಿರಾರು ಜನ ಕಾದರು. ಬೆಳೆ ಕೊಯ್ಯದೆ ಬಿಟ್ಟವರೂ ಇದ್ದರು. ಏನೂ ಆಗಲಿಲ್ಲ. ಚರಿತ್ರೆಯಲ್ಲಿ ಅದರ ಹೆಸರೇ 'ಮಹಾ ನಿರಾಶೆ'. ಬುದ್ಧಿ ಬಂತೇ? 2011ರಲ್ಲಿ ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೋ ಉಪದೇಶಕ ಇನ್ನೊಂದು ಲೆಕ್ಕ ಹಾಕಿದ. ಐದು ಅಂದರೆ ಪ್ರಾಯಶ್ಚಿತ್ತ, ಹತ್ತು ಅಂದರೆ ಪೂರ್ಣತೆ, ಹದಿನೇಳು ಅಂದರೆ ಸ್ವರ್ಗ. ಮೂರನ್ನೂ ಗುಣಿಸಿದರೆ 850. ಅದನ್ನು ಅದರಿಂದಲೇ ಗುಣಿಸಿದರೆ 7,22,500. ಯೇಸು ಶಿಲುಬೆಗೇರಿದ ದಿನದಿಂದ ಅಷ್ಟು ದಿನ ಎಣಿಸಿದರೆ 2011ರ ಮೇ 21! ನಂಬಿದವರು ಕೆಲಸ ಬಿಟ್ಟರು, ಉಳಿತಾಯವನ್ನೆಲ್ಲ ಜಾಹೀರಾತಿಗೆ ಸುರಿದರು. ಮೇ 22 ಎಂದಿನಂತೆ ಬಂತು. ಆತ ಅಕ್ಟೋಬರ್ 21 ಎಂದ, ಅದೂ ಹೋಯಿತು. 1994ರಲ್ಲೂ ಹೀಗೇ ಒಮ್ಮೆ ಎಡವಿದ್ದವನು ಅವನು. 2012ರಲ್ಲಿ ಲೆಕ್ಕ ಹಾಕಿದ್ದೇ ಪಾಪ ಎಂದು ಒಪ್ಪಿಕೊಂಡ. ಒಪ್ಪಿಕೊಂಡರೆ ಖರ್ಚಾದ ಹಣ ವಾಪಸ್ ಬರುತ್ತದೆಯೇ? ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದು ಎಂದು ಬೈಬಲ್ಲೇ ಹೇಳುತ್ತದೆ. ಎಲ್ಲ ಅಂಕಿಗಳನ್ನೂ ಓದಿದವರಿಗೆ ಆ ಒಂದು ವಾಕ್ಯ ಮಾತ್ರ ಕಾಣಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಇದೂ ಹೈಟೆಕ್ ಆಯಿತು. ಪತ್ರಕರ್ತ ಮೈಕೆಲ್ ಡ್ರಾಸ್ನಿನ್ 1997ರಲ್ಲಿ ಬೈಬಲ್ ಕೋಡ್ ಪುಸ್ತಕ ತಂದ. ಹೀಬ್ರೂ ಬೈಬಲ್ಲಿನಲ್ಲಿ ಇಷ್ಟಿಷ್ಟು ಅಕ್ಷರ ಬಿಟ್ಟು ಓದಿದರೆ ಇಸ್ರೇಲಿನ ಪ್ರಧಾನಿ ರಾಬಿನ್ ಹತ್ಯೆಯೂ ಸಿಗುತ್ತದೆ ಎಂದ. ಗಣಿತಜ್ಞ ಬ್ರೆಂಡನ್ ಮೆಕೇ ಅದೇ ಉಪಾಯದಿಂದ ತಿಮಿಂಗಿಲದ ಕಾದಂಬರಿ 'ಮೊಬಿ ಡಿಕ್'ನಲ್ಲಿ ಹಲವು ನಾಯಕರ ಹತ್ಯೆಗಳನ್ನು ಹುಡುಕಿ ತೋರಿಸಿದ. ಸಾಕಷ್ಟು ಉದ್ದದ ಯಾವ ಪುಸ್ತಕದಲ್ಲಾದರೂ ಬೇಕಾದದ್ದು ಸಿಗುತ್ತದೆ, ಹುಡುಕುವವನಿಗೆ ಏನು ಬೇಕೆಂದು ಮೊದಲೇ ಗೊತ್ತಿದ್ದರೆ.

ಇನ್ನು ಇನ್ನೊಂದು ಗುಂಪಿನವರು. "ಮೆತೂಷೆಲಹ 969 ವರ್ಷ ಬದುಕಿದನಂತೆ, ಹ್ಹಹ್ಹಹ್ಹ" ಎಂದು ನಗುವ ನಮ್ಮ ವಿಚಾರವಾದಿ ಮಿತ್ರರು. ಕ್ಷಮಿಸಿ, ನೀವೂ ಕ್ಯಾಂಪಿಂಗ್ ಕುಳಿತ ಬೆಂಚಿನಲ್ಲೇ ಕುಳಿತಿದ್ದೀರಿ. ಅವನೂ ಅಂಕಿಯನ್ನು ಅಂಕಿ ಎಂದೇ ಓದಿದ, ನೀವೂ ಹಾಗೇ ಓದುತ್ತಿದ್ದೀರಿ. ಅವನು ನಂಬಿದ, ನೀವು ನಕ್ಕಿರಿ, ಅಷ್ಟೇ ಫರಕು. ಬರೆದವನು ಏನು ಹೇಳಹೊರಟಿದ್ದ ಎಂದು ಇಬ್ಬರೂ ಕೇಳಲಿಲ್ಲ.

ನಮ್ಮಲ್ಲಿ ಇದೆಲ್ಲ ಎಲ್ಲಿ ಎನ್ನಬೇಡಿ. ಮಿಜೋರಾಂನಲ್ಲಿ ಕೆಲವು ಕ್ರೈಸ್ತರು ಆಧಾರ್ ಸಂಖ್ಯೆಯೇ ಆ ಮೃಗದ ಗುರುತು ಎಂದು ಅದನ್ನು ಬೇಡ ಅಂದದ್ದು ಸುದ್ದಿಯಾಗಿತ್ತು. ಆಧಾರ್ ಬಗ್ಗೆ ತಕರಾರು ಇರಬಹುದು, ಅದನ್ನು ಕೋರ್ಟಿನಲ್ಲಿ ಹೇಳೋಣ. ಆದರೆ ನೀರೋ ಹೆಸರಿಗೆ ಹೆದರಿ ಬಡವರು ಸವಲತ್ತು ಬಿಡುವುದೆಂದರೆ ಹೊಟ್ಟೆ ಉರಿಯುತ್ತದೆ.

ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲೂ ಇದೆ. 'ಪ್ರಾಚೀನ ಕ್ಯಾಲ್ಡಿಯನ್ ಪದ್ಧತಿ' ಎಂದು ಮಕ್ಕಳ ಹೆಸರಿನ ಸ್ಪೆಲಿಂಗ್ ಬದಲಾಯಿಸುತ್ತಾರಲ್ಲ, ಅದನ್ನು ಜನಪ್ರಿಯ ಮಾಡಿದ ಮುಖ್ಯ ಪುಸ್ತಕಗಳಲ್ಲೊಂದು ಕೀರೋ ಎಂಬ ಐರಿಷ್ ಭವಿಷ್ಯಗಾರ 1926ರಲ್ಲಿ ಬರೆದದ್ದು. ಕ್ಯಾಲ್ಡಿಯಾದ ಬಾಬಿಲೋನಿಗರು ಹಸಿ ಮಣ್ಣಿನ ಮೇಲೆ ಬೆಣೆಯಾಕಾರದ ಲಿಪಿ ಒತ್ತುತ್ತಿದ್ದವರು. ಅವರಿಗೆ ಇಂಗ್ಲಿಷಿನ ಎ, ಬಿ, ಸಿ ಎಲ್ಲಿಂದ ಬಂತು? ಜೆ ಮತ್ತು ಡಬ್ಲ್ಯೂ ಪ್ರಾಚೀನ ರೋಮನ್ನರಿಗೇ ಇರಲಿಲ್ಲ! ಎರಡು 'ಎ' ಸೇರಿಸಿ ಮಗಳ ಹೆಸರು ತಿದ್ದಿದ್ದೀರಿ. ಪಾಸ್‌ಪೋರ್ಟಿನಲ್ಲಿ ಒಂದು, ಮಾರ್ಕ್ಸ್‌ಕಾರ್ಡಿನಲ್ಲಿ ಇನ್ನೊಂದು. ಅಫಿಡವಿಟ್ ಮಾಡಿಸಲು ಅವಳು ಓಡಾಡಬೇಕು. ಅದೇ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿ, ಮೊದಲು ಹೇಗಿತ್ತೋ ಹಾಗೇ ಇದೆ. ಹಾಗಾದರೆ ಗ್ರಹಗಳು ಇಂಗ್ಲಿಷ್ ಮೀಡಿಯಮ್ಮೇ?

"ಅವರವರ ನಂಬಿಕೆ, ನಿನಗೇನು ಕಷ್ಟ" ಎನ್ನುವಿರಿ. ನಂಬಿಕೆಗೆ ನನ್ನ ತಕರಾರಿಲ್ಲ. ನಲವತ್ತು ದಿನ ಉಪವಾಸ ಮಾಡುವವರು, ನೂರೆಂಟು ಸಲ ಜಪ ಮಾಡುವವರು ಆ ಸಂಖ್ಯೆಯನ್ನು ಅದರ ನಿಜವಾದ ಅರ್ಥದಲ್ಲೇ ಬಳಸುತ್ತಿದ್ದಾರೆ. ಅವರಿಗೆ ಅದು ಮನಸ್ಸು ನಿಲ್ಲಿಸುವ ಗಡುವು. ನನ್ನ ಜಗಳ ಆ ಸಂಖ್ಯೆಯನ್ನು ಕದ್ದು ಭಯ ಮಾರುವವರ ಜೊತೆ.

ಇನ್ನು ಮುಂದೆ ಯಾರಾದರೂ ಇಂಥ ಲೆಕ್ಕ ತಂದರೆ ಮೂರು ಪ್ರಶ್ನೆ ಕೇಳಿ. ಆ ಗ್ರಂಥ ಯಾವ ಭಾಷೆಯಲ್ಲಿ ಬರೆದದ್ದು, ಆ ಭಾಷೆಯವರಿಗೆ ಈ ಸಂಖ್ಯೆ ಏನು ಹೇಳುತ್ತಿತ್ತು? ಇದೇ ಲೆಕ್ಕವನ್ನು ನಿಮ್ಮ ವಿರೋಧಿಯ ಹೆಸರಿಗೂ ಹಾಕಬಹುದೇ? ಕೊನೆಯದಾಗಿ, ಲೆಕ್ಕ ತಪ್ಪಿದರೆ ನಷ್ಟ ಯಾರಿಗೆ, ನಿಮಗೋ ನನಗೋ? ಮೂರನೆಯದಕ್ಕೆ ಉತ್ತರ ಬರುವವರೆಗೆ ಪರ್ಸ್ ತೆಗೆಯಬೇಡಿ. ಏನಂತೀರಿ?